ಮ್ಯಾಪಿನಲ್ಲಿ ಇಲ್ಲದ ದ್ವೀಪ

ಆಕಾಶದಲ್ಲಿ ಕೆಂಪಗೆ ಉರಿಯುವ ಉಲ್ಕೆಯೊಂದು ನೇತಾಡುತ್ತಿರುತ್ತದೆ. ಅದು ಬಿದ್ದರೆ ಲೋಕಕ್ಕೆ ಉಳಿಗಾಲವಿಲ್ಲ. ಅದನ್ನು ಕರೆಸಿದ ಸೆಫಿರಾತ್ ಉತ್ತರದ ದೊಡ್ಡ ಹಳ್ಳದ ತಳದಲ್ಲಿ ಕಾದು ಕೂತಿದ್ದಾನೆ. ಅವನನ್ನು ತಡೆಯಬೇಕಾದ ಕ್ಲೌಡ್ ಆಳುದ್ದದ ಕತ್ತಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಲಾಯದಲ್ಲಿ ನಿಂತು ಹಕ್ಕಿಗೆ ಸೊಪ್ಪು ತಿನ್ನಿಸುತ್ತಿದ್ದಾನೆ. ಹಸಿರು ಹಕ್ಕಿಗೂ ನೀಲಿ ಹಕ್ಕಿಗೂ ಜೋಡಿ ಮಾಡಿದರೆ ಕಪ್ಪು ಮರಿ ಹುಟ್ಟೀತೇ ಎಂಬುದೊಂದೇ ಅವನ ಸದ್ಯದ ಚಿಂತೆ.

‘ಫೈನಲ್ ಫ್ಯಾಂಟಸಿ 7’ ಆಡಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸದು. ಉಲ್ಕೆ ಕಾಯುತ್ತದೆಂದು ಅವರಿಗೆ ಗೊತ್ತು. ನಾವು ಹಳ್ಳಕ್ಕೆ ಇಳಿದು ಕೊನೆಯ ಕಾದಾಟಕ್ಕೆ ಕೈ ಹಾಕುವ ತನಕ ಅದು ಒಂದಂಗುಲವೂ ಕೆಳಗೆ ಬರುವುದಿಲ್ಲ. ಅಷ್ಟರಲ್ಲಿ ಕುದುರೆ ಜೂಜಿನಂಥ ಹಕ್ಕಿ ಜೂಜು ಆಡಬಹುದು, ಸಮುದ್ರದ ತಳದಲ್ಲಿ ಸಬ್‌ಮರೀನ್ ಓಡಿಸಬಹುದು, ಎಂದೋ ಬಿಟ್ಟುಬಂದ ಊರಿಗೆ ಹೋಗಿ ಗೆಳತಿಯ ಮನೆಯ ಪಿಯಾನೊ ಬಾರಿಸಬಹುದು. ಮಾಡಲೇಬೇಕೆಂದು ಯಾರೂ ಹೇಳಿರುವುದಿಲ್ಲ. ಮಾಡಬಹುದೆಂದೂ ಹೇಳಿರುವುದಿಲ್ಲ. ನನ್ನ ಹಳಹಳಿಕೆ ಇರುವುದು ಈ ಎರಡನೆಯದರ ಬಗ್ಗೆ.

ಸ್ಕ್ವೇರ್ ಕಂಪನಿ ಈ ಆಟವನ್ನು 1997ರ ಜನವರಿಯಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್‌ಗೆಂದು ತಂದಿತು. ಮೂರು ಸಿಡಿಗಳ ಕಥೆ. ನಿರ್ದೇಶನ ಯೋಶಿನೊರಿ ಕಿತಾಸೆ, ಸಂಗೀತ ನೊಬುವೊ ಉಯೆಮಾತ್ಸು. ಮರುವರ್ಷ ಪೀಸಿಗೂ ಬಂತು. ನಮ್ಮ ಕಡೆ ಆಗ ಪ್ಲೇಸ್ಟೇಷನ್ ಇದ್ದ ಮನೆಗಳು ಅಪರೂಪ. ಹಾಗಾಗಿ ನಾನು ಆಡಿದ್ದು ಪೀಸಿಯಲ್ಲಿ, ಕೀಬೋರ್ಡಿನ ಬಲಬದಿಯ ನಂಬರ್ ಪ್ಯಾಡನ್ನು ಕುಟ್ಟುತ್ತ. ಉಯೆಮಾತ್ಸು ಅವರ ಸಂಗೀತ ಸೌಂಡ್ ಕಾರ್ಡಿನ ಮಿಡಿಯಲ್ಲಿ ಸೊರಗಿಹೋಗಿತ್ತು. ಅದೇ ಅಸಲು ಎಂದುಕೊಂಡಿದ್ದರಿಂದ ಬೇಸರವಾಗಲಿಲ್ಲ.

ಈಗ ಹಕ್ಕಿಯ ವಿಷಯ. ಚೊಕೊಬೊ ಎಂದರೆ ಮನುಷ್ಯ ಹತ್ತಿ ಓಡಿಸಬಹುದಾದಷ್ಟು ಎತ್ತರದ ಹಳದಿ ಹಕ್ಕಿ. ಕಥೆಯ ಮಟ್ಟಿಗೆ ಅದರ ಮುಖ್ಯ ಕೆಲಸ ಆರಂಭದಲ್ಲಿ ಹಾವಿರುವ ಜವುಗನ್ನು ದಾಟಿಸುವುದು. ಆದರೆ ಲಾಯದ ಯಜಮಾನ ಜಾಗ ಬಾಡಿಗೆಗೆ ಕೊಡುತ್ತಾನೆ: ಒಂದಕ್ಕೆ 10,000 ಗಿಲ್, ಇರುವುದು ಆರು. ಅಷ್ಟು ದುಡ್ಡು ಸುರಿದ ಮೇಲೆ ಹಕ್ಕಿ ಹಿಡಿಯಬೇಕು. ಎಲ್ಲ ಹಕ್ಕಿಯೂ ಒಂದೇ ತಳಿಯದಲ್ಲ. ಅತ್ಯುತ್ತಮ ತಳಿ ಸಿಗುವುದು ಐಸಿಕಲ್ ಇನ್ ಎಂಬ ಹಿಮದೂರಿನ ಹತ್ತಿರ, ನೆಲದ ಮೇಲೆ ಹೆಜ್ಜೆ ಗುರುತು ಇರುವ ಕಡೆ. ಹಿಡಿದ ಹಕ್ಕಿ ಗಂಡೋ ಹೆಣ್ಣೋ ಎಂಬುದು ಆಮೇಲೆ ತಿಳಿಯುವ ಮಾತು. ತಿನ್ನಿಸಲು ಸಿಲ್ಕಿಸ್ ಸೊಪ್ಪು, ಒಂದು ಕಟ್ಟಿಗೆ 5,000 ಗಿಲ್. ಜೂಜಿನಲ್ಲಿ ಓಡಿಸಿ ಗೆಲ್ಲಿಸಬೇಕು. ಜೋಡಿ ಮಾಡಿಸಲು ಬೇಕಾದ ಕಾಯಿಯನ್ನು ಬೋನ್ ವಿಲೇಜ್ ಹತ್ತಿರದ ಒಂದು ಪ್ರಾಣಿಯಿಂದ ಕದಿಯಬೇಕು. ಒಮ್ಮೆ ಜೋಡಿ ಮಾಡಿಸಿದರೆ ಒಂದಷ್ಟು ಕಾದಾಟ ಮುಗಿಸಿ ಬರುವ ತನಕ ಆ ಹಕ್ಕಿಗಳು ಮತ್ತೆ ಒಪ್ಪುವುದಿಲ್ಲ. ಹಸಿರು ಹಕ್ಕಿ ಬೆಟ್ಟ ಹತ್ತುತ್ತದೆ, ನೀಲಿ ಹಕ್ಕಿ ಹೊಳೆ ದಾಟುತ್ತದೆ, ಎರಡರ ಮರಿಯಾದ ಕಪ್ಪು ಹಕ್ಕಿಗೆ ಎರಡೂ ಬರುತ್ತದೆ. ಕಪ್ಪು ಹಕ್ಕಿಗೆ ಹಿಮದೂರಿನ ತಳಿಯನ್ನು ಕೂಡಿಸಿ, ಗಾಬ್ಲಿನ್‌ಗಳ ದ್ವೀಪದಿಂದ ಕದ್ದು ತಂದ ಇನ್ನೊಂದು ಕಾಯಿ ತಿನ್ನಿಸಿದರೆ, ಅದೃಷ್ಟವಿದ್ದರೆ, ಬಂಗಾರದ ಹಕ್ಕಿ.

ಇದರಲ್ಲಿ ಬಹುಪಾಲನ್ನು ಆಟದೊಳಗೆ ಹೇಳುವವನು ಹಿಮದ ನಡುವೆ ಒಂಟಿ ಮನೆಯಲ್ಲಿರುವ ಮುದುಕ. ಅವನಿಗೆ ಮರೆವು. ಒಂದು ಸಂಗತಿ ಹೇಳುತ್ತಾನೆ, ಮುಂದಿನದು ನೆನಪಾಗುತ್ತಿಲ್ಲ ಎನ್ನುತ್ತಾನೆ. ನಾವು ಹೋಗಿ ನಾಲ್ಕು ಕಾದಾಟ ಮಾಡಿ ಬಂದರೆ ಇನ್ನೊಂದು ನೆನಪಾಗಿರುತ್ತದೆ. ಆ ಮುದುಕನನ್ನು ಬರೆದವರು ಯಾರೋ, ಅವರ ಮೇಲೆ ನನಗೆ ವಿಶೇಷ ಗೌರವ. ಗುಟ್ಟನ್ನು ಬಚ್ಚಿಡುವುದು ಸುಲಭ. ಗುಟ್ಟು ಗೊತ್ತಿದ್ದವನಿಗೆ ಮರೆವು ಕೊಟ್ಟು, ನಾವೇ ಅವನ ಮನೆಗೆ ಸುಮ್ಮನೆ ಹೋಗಿಬರುವಂತೆ ಮಾಡುವುದಕ್ಕೆ ಬೇರೆಯದೇ ಬುದ್ಧಿ ಬೇಕು.

ಬಂಗಾರದ ಹಕ್ಕಿ ಕಡಲಿನ ಮೇಲೆ ಓಡುತ್ತದೆ. ಈಶಾನ್ಯದ ತುತ್ತತುದಿಯಲ್ಲಿ ಮ್ಯಾಪಿನಲ್ಲಿ ತೋರಿಸದ ಒಂದು ದುಂಡು ದ್ವೀಪ. ವಿಮಾನ ಇಳಿಸಲು ಜಾಗವಿಲ್ಲ, ಹಕ್ಕಿಯೊಂದೇ ದಾರಿ. ಗುಹೆಯೊಳಗೆ ಕೆಂಪಗೆ ಮಿನುಗುವ ಒಂದು ಗೋಲಿ, ‘ನೈಟ್ಸ್ ಆಫ್ ದ ರೌಂಡ್’. ಕಾದಾಟದಲ್ಲಿ ಕರೆದರೆ 13 ವೀರರು ಒಬ್ಬರ ಹಿಂದೊಬ್ಬರು ಬಂದು ಏಟು ಹಾಕಿ ಹೋಗುತ್ತಾರೆ. ಆ ದೃಶ್ಯಕ್ಕೇ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಮೊದಲ ಸಲ ಕುರ್ಚಿಯಿಂದ ಎದ್ದು ನಿಂತು ನೋಡಿದೆ. ಆಮೇಲಾಮೇಲೆ ಅದು ಓಡುವಾಗ ನೀರು ಕುಡಿದು ಬರುತ್ತಿದ್ದೆ. ಅಷ್ಟು ಬಲ ಕೈಗೆ ಬಂದ ಮೇಲೆ ಪಾಪ, ಸೆಫಿರಾತ್ ಯಾವ ಲೆಕ್ಕ? ಅದಕ್ಕೆಂದೇ ಸಮುದ್ರದಡಿಯಲ್ಲಿ ಎಮರಾಲ್ಡ್ ವೆಪನ್ ಎಂಬ ದೈತ್ಯನನ್ನು ಇಟ್ಟಿದ್ದರು: ಹತ್ತು ಲಕ್ಷ ಜೀವಬಲ, ಸೋಲಿಸಲು 20 ನಿಮಿಷದ ಗಡುವು. ಜಪಾನಿನ ಮೊದಲ ಆವೃತ್ತಿಯಲ್ಲಿ ಈ ದೈತ್ಯನೇ ಇರಲಿಲ್ಲ. ಹೊರದೇಶದ ಆವೃತ್ತಿಗೆಂದು ಸೇರಿಸಿದ್ದು. ಕಥೆಗೂ ಅವನಿಗೂ ಯಾವ ಸಂಬಂಧವೂ ಇಲ್ಲ.

ಬಚ್ಚಿಟ್ಟದ್ದು ವಸ್ತುಗಳಷ್ಟೇ ಆಗಿದ್ದರೆ ಮಾತು ಬೇರೆ. ಈ ಆಟದ ಒಂಬತ್ತು ಜನ ನಾಯಕರಲ್ಲಿ ಇಬ್ಬರು ಸಿಗದೆಯೇ ಹೋಗಬಹುದಿತ್ತು. ಯುಫಿ ಎಂಬ ಹುಡುಗಿ ಕಾಡಿನಲ್ಲಿ ಹಠಾತ್ತನೆ ಎದುರಾಗುತ್ತಾಳೆ. ಗೆದ್ದ ಮೇಲೆ ಅವಳ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಕೊಡಬೇಕು. ಪಕ್ಕದಲ್ಲೇ ಸೇವ್ ಪಾಯಿಂಟ್ ಕಾಣಿಸುತ್ತದೆ. ಒಳ್ಳೆಯದಾಯಿತು ಎಂದು ಸೇವ್ ಮಾಡಲು ಹೋದರೆ ಅವಳು ದುಡ್ಡು ಎಗರಿಸಿ ಪರಾರಿ.

ಇನ್ನೊಬ್ಬ ವಿನ್ಸೆಂಟ್. ನಿಬೆಲ್‌ಹೈಮ್ ಊರಿನ ಪಾಳು ಬಂಗಲೆಯಲ್ಲಿ ಒಂದು ತಿಜೋರಿ ಇದೆ. ಅದರ ಅಂಕಿಗಳ ಸುಳಿವು ಒಂದು ಪತ್ರದಲ್ಲಿ: ಇದರ ಮುಚ್ಚಳ, ಅದರ ಹಿಂದೆ, ಮೇಲಂತಸ್ತಿನ ಕಿರುಗುಟ್ಟುವ ಹಲಗೆಯಿಂದ ಇಷ್ಟು ಹೆಜ್ಜೆ ಎಡಕ್ಕೆ, ಇಷ್ಟು ಮೇಲಕ್ಕೆ. ನಾಲ್ಕನೆಯ ಸುಳಿವು ಕಣ್ಣಿಗೆ ಕಾಣದ ಶಾಯಿಯಲ್ಲಿದೆ. ಬಲಕ್ಕೆ 36, ಎಡಕ್ಕೆ 10, ಬಲಕ್ಕೆ 59, ಮತ್ತೆ ಬಲಕ್ಕೆ 97. ಸಮಯ 20 ಸೆಕೆಂಡು. ಕೀಲಿಯನ್ನು ಒತ್ತಿ ಹಿಡಿದರೆ ಡಯಲ್ ಸರ್ರನೆ ಓಡಿ 59 ಹೋಗಿ 60 ಆಗುತ್ತದೆ, ಎಲ್ಲವೂ ಮೊದಲಿನಿಂದ. ಹಾಗಾಗಿ 55ರ ತನಕ ಒತ್ತಿ ಹಿಡಿದು, ಬಿಟ್ಟು, ಅಲ್ಲಿಂದ ಒಂದೊಂದೇ ಸಲ ತಟ್ಟಬೇಕು. ತಿಜೋರಿ ತೆರೆದರೆ ಒಳಗಿನಿಂದ ರಾಕ್ಷಸ. ಅವನನ್ನು ಕೊಂದರೆ ಕೀಲಿಕೈ. ಅದರಿಂದ ನೆಲಮಾಳಿಗೆಯ ಬಾಗಿಲು ತೆಗೆದರೆ ಶವಪೆಟ್ಟಿಗೆಯಲ್ಲಿ ಮಲಗಿದ ಒಬ್ಬ ಮನುಷ್ಯ, ಎಬ್ಬಿಸಿದ್ದಕ್ಕೆ ಬೇಸರಪಟ್ಟುಕೊಂಡು ಎದ್ದು ಕೂರುತ್ತಾನೆ.

“ಲೋ, ನಿನ್ನ ಟೀಮಲ್ಲಿ ಇವನ್ಯಾರೋ ಕೆಂಪು ನಿಲುವಂಗಿಯವನು?”

“ವಿನ್ಸೆಂಟ್ ಕಣೋ. ನಿಂಗೆ ಸಿಗ್ಲಿಲ್ವಾ?”

ಗೆಳೆಯನ ದನಿಯಲ್ಲಿದ್ದ ಆ ಜಂಭಕ್ಕೆ ಬೆಲೆ ಕಟ್ಟಲಾಗದು. ಆಟವನ್ನು ಪೂರ್ತಿ ಮುಗಿಸಿದವನಿಗೂ ತನ್ನ ಆಟದಲ್ಲಿ ಒಬ್ಬ ಮನುಷ್ಯ ಮಲಗಿಯೇ ಇದ್ದನೆಂಬುದು ಗೊತ್ತಿರಲಿಲ್ಲ. ಹಾಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ದಾಟುತ್ತಿತ್ತು. ಸೈಬರ್ ಸೆಂಟರಿನಲ್ಲಿ ಗಂಟೆಗೆ ಇಷ್ಟೆಂದು ಕೊಟ್ಟು, ಯಾರೋ ಪುಣ್ಯಾತ್ಮರು ಬರೆದಿಟ್ಟ ಉದ್ದದ ಗೈಡಿನಲ್ಲಿ ಬೇಕಾದ ಪುಟಗಳನ್ನಷ್ಟೇ ಪ್ರಿಂಟ್ ತೆಗೆಸುತ್ತಿದ್ದೆವು. ನಿಜದ ಜೊತೆಗೆ ಸುಳ್ಳೂ ಬರುತ್ತಿತ್ತು. ಕ್ಲೌಡ್‌ನ ತಂಡದ ಹುಡುಗಿ ಏರಿಸ್ (ಈಗ ಏರಿತ್ ಎನ್ನುತ್ತಾರೆ) ಮೊದಲ ಸಿಡಿಯ ಕೊನೆಗೆ ಸಾಯುತ್ತಾಳೆ. ಅವಳನ್ನು ಬದುಕಿಸುವ ಗುಪ್ತ ದಾರಿಯೊಂದಿದೆ ಎಂಬ ವದಂತಿ ಲೋಕವನ್ನೇ ಸುತ್ತಿತ್ತು. ಅಂಥ ದಾರಿ ಇರಲಿಲ್ಲ. ಆದರೆ ಕಾಣದ ದ್ವೀಪವೂ ಶವಪೆಟ್ಟಿಗೆಯ ಮನುಷ್ಯನೂ ಇರುವ ಆಟದಲ್ಲಿ ಇದೊಂದು ಇರಲಾರದೆಂದು ಯಾವ ಧೈರ್ಯದ ಮೇಲೆ ಹೇಳುವುದು?

ಆ ಹುಡುಗಿಯದೇ ಇನ್ನೊಂದು ಕಥೆ ಇದೆ, ನನಗೆ ಅದೇ ಹೆಚ್ಚು. ಜುನಾನ್ ಹತ್ತಿರದ ಗುಹೆಯಲ್ಲಿ ಒಬ್ಬ ನಿದ್ದೆ ಮಾಡುತ್ತಿರುತ್ತಾನೆ. ನಾವು ಇದುವರೆಗೆ ಎಷ್ಟು ಕಾದಾಟ ಮಾಡಿದ್ದೇವೆಂದು ನಿದ್ದೆಗಣ್ಣಿನಲ್ಲಿ ಗೊಣಗುತ್ತಾನೆ. ಆ ಸಂಖ್ಯೆಯ ಕೊನೆಯ ಎರಡು ಅಂಕಿ ಒಂದೇ ಆಗಿದ್ದರೆ ಏನಾದರೊಂದು ಕೊಡುತ್ತಾನೆ. ಅವನಿಂದ ಸಿಕ್ಕುವ ಮಿತ್ರಿಲ್ ಲೋಹವನ್ನು ಗೊಂಗಾಗಾ ಕಡೆಯ ಆಯುಧದ ವ್ಯಾಪಾರಿಗೆ ಒಯ್ದು ಕೊಟ್ಟರೆ, ಏರಿಸಳ ಕಟ್ಟಕಡೆಯ ಮಂತ್ರಶಕ್ತಿ ‘ಗ್ರೇಟ್ ಗಾಸ್ಪೆಲ್’ ಕೈಗೆ ಬರುತ್ತದೆ. ಇಡೀ ತಂಡವನ್ನು ಕಾಪಾಡುವ ಶಕ್ತಿ. ಅದನ್ನು ಪಡೆದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ಇರುವುದಿಲ್ಲ. ಹಾಗಾದರೆ ಅದನ್ನು ಅಲ್ಲಿಟ್ಟಿದ್ದು ಯಾಕೆ? ಲಾಭ ನಷ್ಟ ನೋಡುವವನಿಗೆ ಉತ್ತರವಿಲ್ಲ. ಗೊತ್ತಿದ್ದೂ ಎರಡನೆಯ ಸಲ ಆಡುವಾಗ ಹೋಗಿ ತಂದುಕೊಟ್ಟವರು ಬಹಳ ಜನ, ನಾನೂ ಅವರಲ್ಲೊಬ್ಬ.

ಆ ಕಾಲದ್ದೆಲ್ಲ ಚಿನ್ನ ಎನ್ನಲು ನಾನು ತಯಾರಿಲ್ಲ. ‘ಫೈನಲ್ ಫ್ಯಾಂಟಸಿ 10’ರಲ್ಲಿ ಒಂದು ಬಯಲಿನಲ್ಲಿ ಸತತವಾಗಿ 200 ಸಿಡಿಲು ತಪ್ಪಿಸಿಕೊಳ್ಳಬೇಕಿತ್ತು. 199ನೆಯದು ತಾಗಿದರೆ ಮತ್ತೆ ಒಂದರಿಂದ. 2006ರ 12ನೆಯ ಆಟದಲ್ಲಿ ಅತಿಬಲದ ಈಟಿಯೊಂದು ಸಿಗಬೇಕಾದರೆ ದಾರಿಯಲ್ಲಿ ಸಿಗುವ ನಾಲ್ಕು ಪೆಟ್ಟಿಗೆಗಳನ್ನು ತೆರೆಯಲೇಬಾರದು. ಯಾವ ನಾಲ್ಕು ಎಂದು ಆಟ ಸೂಚನೆಯನ್ನೂ ಕೊಡದು. ಇದು ಗುಟ್ಟಲ್ಲ, ಕೀಟಲೆ. 2017ರ ಆವೃತ್ತಿಯಲ್ಲಿ ಆ ಷರತ್ತು ಕಾಣಿಸಲಿಲ್ಲ, ಒಳ್ಳೆಯದೇ ಆಯಿತು. ಆದರೆ 2000ದ 9ನೆಯ ಆಟವನ್ನು ನೋಡಿ. ಕೊನೆಯ ಸಿಡಿಯಲ್ಲಿ ಲೋಕ ಉಳಿಸಲು ಹೊರಡಬೇಕಾದವರು, ಮತ್ತೆ ಮತ್ತೆ ತಮ್ಮ ಹಳೆಯ ಅಡ್ಡೆಗೆ ಹೋಗಿ ಬರುತ್ತಿದ್ದರೆ ನೀರೊ ಮನೆತನದ ಸೋದರರ ಒಂದು ಪುಟ್ಟ ಕಥೆ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆಡುವವರ ನಡುವೆ ಅದು ಸುದ್ದಿಯಾಗಿದ್ದು 2013ರಲ್ಲಿ. ಕೊನೆಗೆ ಸಿಗುವುದು ಒಂದು ಉಂಗುರ. ಹದಿಮೂರು ವರ್ಷ ಲಕ್ಷಾಂತರ ಜನ ಅದರ ಪಕ್ಕದಲ್ಲೇ ಓಡಾಡಿದ್ದರು.

ಇನ್ನು ಹಾಗೆ ಯಾವುದೂ ಉಳಿಯದು. ಹೊಸ ಆಟ ಬಿಡುಗಡೆಯಾದ ವಾರದೊಳಗೆ ಅದರ ಕಡತಗಳನ್ನೇ ಬಗೆದು, ಒಳಗೆ ಏನೇನಿದೆ ಎಂದು ಪಟ್ಟಿ ಮಾಡುವವರಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಆಟ ಕಟ್ಟುವವರೇ ಬಚ್ಚಿಡುವ ಆಸೆ ಬಿಟ್ಟಿದ್ದಾರೆ. ಹಳೆಯ 7 ಈಗಲೂ ಸಿಗುತ್ತದೆ, ಫೋನಿನಲ್ಲೂ. 2015ರ ಪ್ಲೇಸ್ಟೇಷನ್ 4 ಆವೃತ್ತಿಯಲ್ಲಿ ಒಂದು ಗುಂಡಿ ಒತ್ತಿದರೆ ಲೋಕ ಮೂರು ಪಟ್ಟು ವೇಗದಲ್ಲಿ ಓಡುತ್ತದೆ, ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಕಾದಾಟಗಳೇ ಬರುವುದಿಲ್ಲ. ಬಂಗಾರದ ಹಕ್ಕಿ ಪಡೆದರೆ ಟ್ರೋಫಿ. ಅಂದರೆ ಇಂಥದೊಂದು ಹಕ್ಕಿ ಇದೆಯೆಂದು ಆಟ ಶುರುಮಾಡುವ ಮೊದಲೇ ಪಟ್ಟಿಯಲ್ಲಿ ಓದಿಕೊಳ್ಳಬಹುದು.

ಅದೇ ಕಥೆಯನ್ನು ಹೊಸದಾಗಿ ಕಟ್ಟುತ್ತಿರುವ ಸರಣಿಯ ಎರಡನೆಯ ಭಾಗ ‘ರೀಬರ್ತ್’ 2024ರಲ್ಲಿ ಬಂತು. ಕಣ್ಣು ತುಂಬುವಂಥ ಆಟ, ಅದರಲ್ಲಿ ಎರಡು ಮಾತಿಲ್ಲ. ಆ ಬಯಲುಗಳ ಮೇಲೆ ಬೆಳಕು ಬೀಳುವ ರೀತಿ ನೋಡಿದಾಗ, ನಂಬರ್ ಪ್ಯಾಡ್ ಕುಟ್ಟುತ್ತಿದ್ದ ದಿನಗಳಲ್ಲಿ ನಾವು ಮನಸ್ಸಿನಲ್ಲಿ ಕಂಡದ್ದು ಇದನ್ನೇ ಅನಿಸಿತು. ಆದರೆ ಚಾಡ್ಲಿ ಎಂಬ ಹುಡುಗ ಜೊತೆಗಿರುತ್ತಾನೆ. ಗೋಪುರ ಹತ್ತಿ ಚಾಲೂ ಮಾಡಿದರೆ ಸುತ್ತಲಿನ ಪ್ರದೇಶದಲ್ಲಿ ಏನೇನು ಎಲ್ಲೆಲ್ಲಿದೆ ಎಂಬುದು ಮ್ಯಾಪಿನಲ್ಲಿ ಮೂಡುತ್ತದೆ, ಚಾಡ್ಲಿ ಮಾತಿಗೆ ಬಂದು ವಿವರಿಸುತ್ತಾನೆ. ಮುಗಿಸಿದ ಮೇಲೂ ಮಾತಿಗೆ ಬಂದು ಮೆಚ್ಚುತ್ತಾನೆ. ಒಂದೊಂದು ಪ್ರದೇಶದ ಹಕ್ಕಿಯನ್ನು ಅಲ್ಲೇ ಹಿಡಿಯಬಹುದು. ಸಾಕುವ, ಜೋಡಿ ಮಾಡುವ ಗೋಜಿಲ್ಲ. ಯುಫಿಯನ್ನು ಕಥೆಯೇ ಕರೆತರುತ್ತದೆ. ವಿನ್ಸೆಂಟ್ ಕೂಡ ತಾನಾಗಿ ಎದುರಾಗುತ್ತಾನೆ. ದಿನಸಿ ಚೀಟಿಯಲ್ಲಿ ತಂದದ್ದಕ್ಕೆ ಗೀಟು ಹಾಕಿದಂತೆ ಒಂದೊಂದೇ ಗುರುತು ಅಳಿಸುತ್ತ ಹೋಗುವುದು. ಹಿಂದಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಇಟ್ಟಿದ್ದಾರೆ, ಎಲ್ಲವೂ ಮಾಡದಿದ್ದರೂ ನಡೆಯುವಂಥದ್ದೇ. ಆದರೂ ಮಾಡದೆ ಬಿಟ್ಟರೆ ಬಾಕಿ ಉಳಿಸಿಕೊಂಡ ಹಾಗೆ ಕಾಡುತ್ತದೆ, ಯಾಕೆಂದರೆ ಬಾಕಿ ಎಷ್ಟೆಂದು ಪರದೆಯ ಮೇಲೇ ಬರೆದಿರುತ್ತದೆ.

ಅಕ್ಕನ ಮಗ ‘ರೀಬರ್ತ್’ ಮುಗಿಸಿ, ಹಳೆಯದನ್ನೂ ನೋಡೋಣವೆಂದು ಶುರು ಮಾಡಿದ್ದ. ಅರ್ಧ ದಾರಿಯಲ್ಲಿ ಕೇಳಿದ: “ಮಾಮಾ, ಇದರಲ್ಲಿ ಎಷ್ಟು ಪರ್ಸೆಂಟ್ ಆಯ್ತು ಅಂತ ಎಲ್ಲಿ ತೋರಿಸುತ್ತೆ?” ಎಲ್ಲೂ ತೋರಿಸುವುದಿಲ್ಲ ಎಂದೆ. “ಮತ್ತೆ ಎಲ್ಲಾ ಸಿಕ್ತು ಅಂತ ಹೇಗೆ ಗೊತ್ತಾಗುತ್ತೆ?” ಗೊತ್ತಾಗುವುದಿಲ್ಲ ಎಂದೆ. ಅವನಿಗೆ ಅದು ಆಟದ ಕೊರತೆಯಾಗಿ ಕಂಡಿತು. ಅವನ ತಪ್ಪಲ್ಲ, ದುಡ್ಡು ಕೊಟ್ಟು ಕೊಂಡದ್ದರಲ್ಲಿ ಏನೇನಿದೆ ಎಂದು ತಿಳಿಯಬಯಸುವುದು ನ್ಯಾಯವೇ.

ಮೂರನೆಯ ಭಾಗ ತಯಾರಾಗುತ್ತಿದೆ ಎಂದು, ಈಗ ಸ್ಕ್ವೇರ್ ಎನಿಕ್ಸ್ ಆಗಿರುವ ಆ ಕಂಪನಿ ಹೇಳಿದೆ. ಬಂಗಾರದ ಹಕ್ಕಿ ಬಂದರೆ ಬರಬೇಕಾದ್ದು ಅದರಲ್ಲೇ. ದ್ವೀಪ ಕಣ್ಣಿಗೆ ಬೀಳುವ ಮೊದಲೇ ಚಾಡ್ಲಿ ಬಾಯಿ ಹಾಕುತ್ತಾನೆಂದು ನನ್ನ ಊಹೆ. ಹಾಗಾದರೂ ಕೊಂಡು ಆಡುವವನೇ ನಾನು. ಅಕ್ಕನ ಮಗನಿಗೆ ಮಾತ್ರ ಈಗಲೇ ತಾಕೀತು ಮಾಡಿದ್ದೇನೆ, ಮೊದಲು ನೀನು ಮುಗಿಸಿದರೂ ನನಗೆ ಏನೊಂದೂ ಹೇಳಕೂಡದು ಎಂದು. ಆಗಲಿ ಎಂದಿದ್ದಾನೆ. ಅವನ ಬಾಯಿಯ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ.