ಬಾಲ್ಕನಿಯ ನೆಲವು

ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ, ಅಜ್ಜಿಯ ಅಡುಗೆಮನೆಯ ತೊಲೆಗೆ ಒಂದು ನೆಲವು ತೂಗುತ್ತಿತ್ತು. ಕತ್ತದ ಹಗ್ಗದಲ್ಲಿ ಹೆಣೆದದ್ದು. ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಅದರಲ್ಲಿ ಮೊಸರಿನ ಗಡಿಗೆ, ಗಡಿಗೆಯ ಮೇಲೆ ಬೆಣ್ಣೆಯ ಕುಡಿಕೆ. ಕೆಳಗೆ ಬೆಕ್ಕು ಕತ್ತೆತ್ತಿ ಕೂತಿರುತ್ತಿತ್ತು. ವರ್ಷಗಳಾದ ಮೇಲೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಯೊಂದರಲ್ಲಿ, ತಂತಿಬುಟ್ಟಿಯೊಳಗೆ ಬಟ್ಟಲಿನಂತೆ ಕೂತ ತೆಂಗಿನ ನಾರಿನ ಹಾಸನ್ನು ಕಂಡಾಗ ನನಗೆ ಮೊದಲು ನೆನಪಾದದ್ದು ಆ ನೆಲವು. ಹತ್ತಿಂಚಿನ ಎರಡು ಬುಟ್ಟಿ ಕೊಂಡು ತಂದೆ.

ನಮ್ಮೂರಲ್ಲಿ ನಾರಿಗೆ ಬೆಲೆ ಎಂಬುದೇ ಇರಲಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಇಳಿಸಿ ಸುಲಿದರೆ ಉಂಡೆ ಕೊಬ್ಬರಿ ಸಂತೆಗೆ, ಮಟ್ಟೆ ನೀರೊಲೆಗೆ. ಒಂದು ಹಿಡಿ ನಾರು ಪಾತ್ರೆ ತಿಕ್ಕಲು. ಅದೇ ನಾರನ್ನು ಈಗ ಹಾಳೆಯಂತೆ ಹರಡಿ, ರಬ್ಬರ್ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ ಮಾರುತ್ತಾರೆ. ಈ ನಾರಿನಲ್ಲಿ ಲಿಗ್ನಿನ್ ಅಂಶ ಶೇ 40ಕ್ಕೂ ಹೆಚ್ಚು. ಅದಕ್ಕೇ ಸದಾ ಒದ್ದೆಯಾಗಿದ್ದರೂ ಬೇಗ ಕೊಳೆಯುವುದಿಲ್ಲ.

ಮೊದಲ ಬೇಸಿಗೆಯಲ್ಲಿ ನನ್ನ ಪೆಟೂನಿಯಾಗಳು ಒಂದೂ ಉಳಿಯಲಿಲ್ಲ. ಬೆಳಿಗ್ಗೆ ನೀರು ಹಾಕಿ ಹೋದರೆ ಸಂಜೆಗೆ ಕತ್ತು ಬಗ್ಗಿಸಿರುತ್ತಿದ್ದವು. ನೀರು ಕಡಿಮೆಯಾಯಿತೆಂದು ಇನ್ನೊಂದು ಚೊಂಬು ಸುರಿಯುತ್ತಿದ್ದೆ. ಅಷ್ಟೂ ನೀರು ಕೆಳಗೆ ಬೀಳುತ್ತಿತ್ತು. ಒಮ್ಮೆ ಬೆರಳಿಟ್ಟು ನೋಡಿದಾಗ ತಿಳಿಯಿತು: ಒಣಗಿದ ಮಣ್ಣು ಕುಗ್ಗಿ, ನಾರಿಗೂ ಅದಕ್ಕೂ ನಡುವೆ ಬಿರುಕು ಬಿಟ್ಟಿದೆ, ನೀರು ಬೇರು ಮುಟ್ಟದೆ ಆ ಸಂದಿಯಲ್ಲೇ ಜಾರಿಹೋಗುತ್ತಿದೆ. ಅಂದಿನಿಂದ ಬುಟ್ಟಿ ಒಣಗಿದಾಗ ಮೇಲಿನಿಂದ ನೀರು ಸುರಿಯುವುದನ್ನು ಬಿಟ್ಟೆ. ಇಳಿಸಿ ಬಕೆಟ್ಟಿನ ನೀರಲ್ಲಿ ಇಡುತ್ತೇನೆ. ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ಅವು ನಿಂತವೆಂದರೆ ಮಣ್ಣಿನ ಹೊಟ್ಟೆ ತುಂಬಿತೆಂದೇ ಲೆಕ್ಕ.

ನೀರು ಉಳಿಯಲೆಂದು ಒಳಗೆಲ್ಲ ಪ್ಲಾಸ್ಟಿಕ್ ಹೊದಿಸುವವರಿದ್ದಾರೆ. ಹಾಗೆ ಮಾಡುವುದಾದರೆ ನಾರು ಯಾತಕ್ಕೆ? ನಾರಿನ ಗುಣವೇ ಉಸಿರಾಡುವುದು. ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಗೋಡೆಗೆ ತಾಗಿ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಇಲ್ಲಿ ಗಾಳಿ ಸಿಕ್ಕ ಕಡೆ ಅದರ ತುದಿ ನಿಂತು, ಒಳಗಡೆ ಹೊಸ ಬೇರು ಕವಲೊಡೆಯುತ್ತದೆ. ನಾನು ತಳಕ್ಕೆ ಮಾತ್ರ ತೊಳೆದ ಹಾಲಿನ ಪ್ಯಾಕೆಟ್ ಒಂದನ್ನು ನಾಲ್ಕು ತೂತು ಮಾಡಿ ಹಾಸುತ್ತೇನೆ. ಕೆಮ್ಮಣ್ಣು, ಎರೆಗೊಬ್ಬರ, ಕೋಕೋಪೀಟ್ ಸಮಸಮ. ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ಮೂರು ಸಲವಾದರೂ ನೆನೆಸಿ ಹಿಂಡಬೇಕು.

ನೆಡುವ ದಿನ ನನಗೆ ಹಬ್ಬ. ಬುಟ್ಟಿ ಉರುಳದಂತೆ ಬಕೆಟ್ಟಿನ ಬಾಯಿಯ ಮೇಲೆ ಕೂರಿಸಿ, ನೆನೆಸಿದ ನಾರಿನ ಪಕ್ಕದಲ್ಲಿ ಕತ್ತರಿಯಿಂದ ಸಣ್ಣ ಸೀಳು ಮಾಡುತ್ತೇನೆ. ಸಸಿಯ ಬೇರಿಗೆ ಒದ್ದೆ ಕಾಗದ ಸುತ್ತಿ ಹೊರಗಿನಿಂದ ಒಳಕ್ಕೆ ನವಿರಾಗಿ ತೂರಿಸಿ, ಒಳಗೆ ಕಾಗದ ಬಿಚ್ಚಿ ಮಣ್ಣು ತುಂಬುತ್ತೇನೆ. ಮೇಲೆ ಒಂದಿಂಚು ಖಾಲಿ ಬಿಡಬೇಕು, ನೀರು ನಿಲ್ಲಲು. ಪೆಟೂನಿಯಾ ಈಗ ಚಳಿಗಾಲಕ್ಕೆ ಮಾತ್ರ. ಬಿಸಿಲಿಗೆ ಟೇಬಲ್ ರೋಸ್, ಅಂಚಿಗೆ ದೊಡ್ಡಪತ್ರೆ. ದೊಡ್ಡಪತ್ರೆ ನಾರಿನ ಮೇಲೆ ಇಳಿಬಿದ್ದು ಬೆಳೆಯುತ್ತದೆ. ನಾಲ್ಕೆಲೆ ಕಿತ್ತರೆ ತಂಬುಳಿ ಆಯಿತು. ಅದನ್ನು ನೋಡಿದ ಅಮ್ಮ, "ಏನವ್ವ, ನೆಲವಿನೊಳಗೆ ಗಿಡ ಮಡಗಿದ್ದೀಯ!" ಎಂದು ಬುಟ್ಟಿಯನ್ನು ಕೈಯಿಂದ ಮೆಲ್ಲಗೆ ತೂಗಿದಳು. ನಾನು ಹೇಳದೆಯೇ ಅವಳಿಗೂ ಅದೇ ಕಂಡಿತ್ತು.

ಈ ವರ್ಷ ಒಂದು ಅಳಿಲು ಬರುತ್ತಿದೆ. ತಂತಿಗೆ ಹಿಂಗಾಲು ಸಿಕ್ಕಿಸಿ ತಲೆಕೆಳಗಾಗಿ ಜೋತು, ನಾರಿನ ಎಳೆಯನ್ನು ಹಲ್ಲಲ್ಲಿ ಹಿಡಿದು ಎಳೆಯುತ್ತದೆ. ಮುಂಗಾಲುಗಳಿಂದ ಅದನ್ನು ಮಡಿಚಿ ಬಾಯಿಗೆ ತುರುಕುತ್ತದೆ. ಮೀಸೆಯ ಎರಡೂ ಕಡೆ ನಾರು ಚಾಚಿಕೊಂಡಿರುವಾಗಲೇ ಪೈಪು ಹತ್ತಿ ಓಡುತ್ತದೆ. ಎರಡು ವಾರದಲ್ಲಿ ಬುಟ್ಟಿಯ ಒಂದು ಬದಿ ತೆಳ್ಳಗಾಗಿ ಮಣ್ಣು ಕಾಣುತ್ತಿದೆ. ಗೂಡು ಕಟ್ಟುವ ಕಾಲ. ನಿಮ್ಮ ಬುಟ್ಟಿಗೂ ಬಂದರೆ ದಯವಿಟ್ಟು ಓಡಿಸಬೇಡಿ. ಹಾಸು ಹರಿದರೆ ಇನ್ನೊಂದು ತಂದರಾಯಿತು, ನಮ್ಮ ಕಡೆ ಮಟ್ಟೆಗೆ ಬರವಿಲ್ಲ.