ಕನ್ನಡಿ ಪ್ರತಿ

ಮುಂಬಯಿಯ ನಮ್ಮ ಸಂಘದ ಹಳೆಯ ನಾಟಕಗಳ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ, ಅವನ್ನು ಕಾಯುವ ಸರ್ವರನ್ನು ಸಜ್ಜುಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆ ನಟರಲ್ಲಿ ಅನೇಕರು ಈಗಿಲ್ಲ. ಕ್ಯಾಸೆಟ್ಟುಗಳಿಗೂ ಬೂಷ್ಟು ಹಿಡಿಯುತ್ತಿದೆ.

ಒಂದು ಡಿಸ್ಕ್ ಕೆಟ್ಟರೂ ಅದರೊಳಗಿನದು ಉಳಿಯಬೇಕೆಂಬ ಉಪಾಯಕ್ಕೆ ‘ರೇಡ್’ ಎಂದು ಹೆಸರಿಟ್ಟದ್ದು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಅವರ 1988ರ ಪ್ರಬಂಧ. ಆ ಹೆಸರಿನೊಳಗೆ ‘ಅಗ್ಗದ’ ಎಂಬ ವಿಶೇಷಣವೂ ಅಡಗಿತ್ತು. ನಮ್ಮಂಥ ಸಂಘಗಳಿಗೆಂದೇ ಇಟ್ಟಂತೆ!

ರೇಡ್ 5ರಲ್ಲಿ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ 12 ಟೆರಾಬೈಟ್ ದಕ್ಕುತ್ತದೆ. ಒಂದು ಕೆಟ್ಟರೆ ಮಿಕ್ಕ ಮೂರರ ಲೆಕ್ಕದಿಂದ ಅದನ್ನು ಮರಳಿ ಕಟ್ಟಬಹುದು; ಕಟ್ಟುವ ಆ ಗಂಟೆಗಳಲ್ಲಿ ಇನ್ನೊಂದು ಕೆಟ್ಟರೆ ಎಲ್ಲವೂ ಹೋಯಿತು. ನಾನು ಎರಡೇ ಡಿಸ್ಕುಗಳ ರೇಡ್ 1 ಆರಿಸಿದೆ. ಅರ್ಧ ಜಾಗ ವ್ಯಯವಾದರೂ ಒಂದು ಇನ್ನೊಂದರ ಕನ್ನಡಿ.

“ಇನ್ನು ಕ್ಯಾಸೆಟ್ಟುಗಳನ್ನು ಎಸೆಯೋಣವೇ?” ಎಂದರು ಕಾರ್ಯದರ್ಶಿಗಳು. ಖಂಡಿತ ಬೇಡ ಎಂದೆ. ಯಾರೋ ಕೈತಪ್ಪಿ ಒಂದು ನಾಟಕವನ್ನು ಅಳಿಸಿದರೆ ಕನ್ನಡಿಯಲ್ಲೂ ಅದು ತಕ್ಷಣ ಅಳಿಯುತ್ತದೆ. ಮಳೆನೀರು ಕೋಣೆಗೆ ನುಗ್ಗಿದರೆ ಎರಡೂ ಒಟ್ಟಿಗೇ ನೆನೆಯುತ್ತವೆ. ಮೂರನೆಯ ಪ್ರತಿ ಈಗ ಧಾರವಾಡದಲ್ಲಿ, ನನ್ನ ತಂಗಿಯ ಮನೆಯ ಕಪಾಟಿನಲ್ಲಿದೆ. ದೀಪಾವಳಿಗೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ, ಒಂದೆರಡು ನಾಟಕಗಳನ್ನು ಓಡಿಸಿ ನೋಡುತ್ತೇನೆ.