ಕಾಲುಚೀಲದ ನಡಿಗೆ

ಮಳೆ ಹಿಂದೆಗೆದು ಹುಲ್ಲು ಬಲಿಯುವ ಆಶ್ವಿನ, ಕಾರ್ತಿಕ ಮಾಸಗಳಲ್ಲಿ ಎಳೆಯ ಮಕ್ಕಳನ್ನು ದಿನವಿಡೀ ಬಯಲಿನಲ್ಲಿ ಬಿಟ್ಟು ಪ್ರಕೃತಿಯ ಪಾಠ ಮಾಡುವುದು ಮೆಚ್ಚತಕ್ಕ ಪದ್ಧತಿಯೇ ಆದರೂ, ಅಂಥ ದಿನದ ಆರಂಭದಲ್ಲಿ ಕೆಲವರು ಮಕ್ಕಳ ಕೈಗೆ ಹಂಚುವ ಮುದ್ರಿತ ಹಾಳೆಯ ಬಗ್ಗೆ ಎರಡು ಮಾತು ಆಡದೆ ಗತ್ಯಂತರವಿಲ್ಲ. ಆ ಹಾಳೆಯಲ್ಲಿ ಕೆಂಪು ಮೇಪಲ್ ಎಲೆ, ಓಕ್ ಮರದ ಕಾಯಿ, ಆ ಕಾಯಿಯನ್ನು ಹಿಡಿದು ಕುಳಿತ ಕಂದು ಅಳಿಲು ಇರುತ್ತವೆ. ಕಂಡದ್ದಕ್ಕೆ ಗುರುತು ಹಾಕಬೇಕೆಂಬ ಅಪ್ಪಣೆಯೂ ಇರುತ್ತದೆ. ದಖ್ಖನ್ನಿನ ಎಲೆಯುದುರುವ ಮರಗಳು ಬೋಳಾಗುವುದು ಬಹುಮಟ್ಟಿಗೆ ಶಿಶಿರದಲ್ಲಿ, ಅಂದರೆ ಸಂಕ್ರಾಂತಿ ಕಳೆದ ಮೇಲೆ. ಅಕ್ಟೋಬರಿನಲ್ಲಿ ಬೆಂಗಳೂರಿನ ಹೊಂಗೆ ಹಸಿರಾಗಿಯೇ ನಿಂತಿರುವಾಗ, ಅದರ ಬುಡದಲ್ಲಿ ಕೆಂಪು ಎಲೆ ಹುಡುಕಿ ಸೋತ ಐದು ವರ್ಷದ ಮಗು ಕಡೆಗೆ ಬಿಸ್ಕತ್ತಿನ ಕೆಂಪು ಕಾಗದವೊಂದನ್ನು ತಂದೊಪ್ಪಿಸಿದರೆ ತಪ್ಪು ಮಗುವಿನದಲ್ಲ.

ಈ ನೆಲದ ಶರದೃತುವಿನ ನಿಜವಾದ ಸರಕು ಬೀಜ. ಅದನ್ನು ಮಕ್ಕಳಿಗೆ ಪರಿಚಯಿಸಲು ಕಾಲುಚೀಲದ ನಡಿಗೆಗಿಂತ ಉತ್ತಮವಾದ ಉಪಾಯ ಇನ್ನೊಂದಿಲ್ಲ. ದೊಡ್ಡವರ ಹಳೆಯ ಕಾಲುಚೀಲವನ್ನು ಮಗುವಿನ ಬೂಟಿನ ಮೇಲೆ ಮೊಣಕಾಲಿನವರೆಗೆ ಎಳೆದು, ಬಲಿತ ಹುಲ್ಲಿನ ನಡುವೆ ಓಡಾಡಲು ಬಿಟ್ಟು, ಬಳಿಕ ಅಂಟಿದ್ದನ್ನೆಲ್ಲ ಬಿಡಿಸಿ ನೋಡುವುದಷ್ಟೇ ಈ ನಡಿಗೆ. ಕಾಲುಚೀಲ ಯಾವುದಿರಬೇಕೆಂಬಲ್ಲಿ ಮಾತ್ರ ಈ ಕಸುಬಿನವರಲ್ಲಿ ಒಮ್ಮತವಿಲ್ಲ. ನೈಲಾನಿನದು ಅಗ್ಗವೆಂಬ ವಾದವನ್ನು ಒಪ್ಪಬಹುದು, ಆದರೆ ನುಣುಪಾದ ನೂಲಿಗೆ ಸಣ್ಣ ಕೊಕ್ಕೆಗಳು ಸರಿಯಾಗಿ ಸಿಕ್ಕುವುದಿಲ್ಲ. ಜುಂಗೆದ್ದ ಹಳೆಯ ಉಣ್ಣೆಯದೇ ಬೇಕು, ಬಿಳಿಯದಾದರೆ ಅಂಟಿದ್ದು ಎದ್ದು ಕಾಣುತ್ತದೆ. ಮುಂಜಾವಿನಲ್ಲೇ ಹೊರಡಬೇಕೆಂದು ಹಟ ಹಿಡಿಯುವವರು ಇಬ್ಬನಿಯಲ್ಲಿ ತೊಯ್ದ ಉಣ್ಣೆಯನ್ನು ಒಮ್ಮೆ ತಮ್ಮ ಕಾಲಿಗೇ ತೊಟ್ಟು ನೋಡುವುದು ಒಳ್ಳೆಯದು.

ಅಂಟುವವುಗಳಲ್ಲಿ ಮೊದಲನೆಯದು ಉತ್ತರಾಣಿ. ಭಾದ್ರಪದದಲ್ಲಿ ಗಣಪತಿಯ ಪತ್ರೆಗಳ ಸಾಲಿನಲ್ಲಿ ಮರ್ಯಾದೆ ಪಡೆದ ಈ ಗಿಡ ಮುಂದಿನ ತಿಂಗಳುಗಳಲ್ಲಿ ಯಾರಿಗೂ ಬೇಡವಾದ ಕಳೆಯಾಗುತ್ತದೆ. ಅದರ ಉದ್ದನೆಯ ತೆನೆಯಲ್ಲಿ ಕಾಯಿಗಳು ಕೆಳಮುಖವಾಗಿ ಕಡ್ಡಿಗೆ ಒತ್ತಿಕೊಂಡಿರುವುದರಿಂದ, ಬೆರಳನ್ನು ಮೇಲಿನಿಂದ ಕೆಳಗೆ ಎಳೆದರೆ ನುಣ್ಣಗೆ ಜಾರುತ್ತದೆ, ಕೆಳಗಿನಿಂದ ಮೇಲೆ ಎಳೆದರೆ ಚುಚ್ಚುತ್ತದೆ. ಇದನ್ನು ಮಗುವಿಗೆ ಹೇಳಿಕೊಡುವ ಅಗತ್ಯವಿಲ್ಲ, ತೆನೆಯನ್ನು ಕೈಗೆ ಕೊಟ್ಟು ಸುಮ್ಮನಿದ್ದರಾಯಿತು. ಸುಮ್ಮನಿರುವುದೇ ಈ ಕಸುಬಿನಲ್ಲಿ ಹಲವರಿಗೆ ಸಾಧ್ಯವಾಗದ ಕೆಲಸ.

ಆದರೆ ಇಡೀ ದಿನದ ಸೊಗಸೆಲ್ಲ ಇರುವುದು ಈಟಿಹುಲ್ಲಿನಲ್ಲಿ. ಸಸ್ಯಶಾಸ್ತ್ರದಲ್ಲಿ ಹೆಟೆರೊಪೋಗಾನ್ ಕಂಟಾರ್ಟಸ್ ಎಂದು ಕರೆಯಲಾಗುವ ಈ ಹುಲ್ಲಿನ ಬೀಜಕ್ಕೆ ಒಂದು ತುದಿಯಲ್ಲಿ ಹಿಮ್ಮುಖ ರೋಮಗಳುಳ್ಳ ಚೂಪು ಮೊನೆಯೂ ಇನ್ನೊಂದು ತುದಿಯಲ್ಲಿ ಶೂಕವೂ, ಎಂದರೆ ತೆನೆಯ ಸುಂಕಿನಂತಹ ಉದ್ದ ಮೀಸೆಯೂ ಇರುತ್ತದೆ. ಒಣಗಿದಾಗ ಹಗ್ಗದಂತೆ ಹುರಿಗೊಂಡಿರುವ ಶೂಕದ ಕೆಳಭಾಗವು ತೇವ ತಾಗಿದೊಡನೆ ಹುರಿ ಬಿಚ್ಚತೊಡಗುತ್ತದೆ. ಅಂಗೈಯ ಮೇಲೆ ಒಂದು ತೊಟ್ಟು ನೀರಿಟ್ಟು ಬೀಜವನ್ನು ಅದರಲ್ಲಿ ಮಲಗಿಸಿದರೆ, ಕೆಲವು ಕ್ಷಣ ಏನೂ ಆಗದೆ, ಆಮೇಲೆ ಬಾಗಿದ ಮೀಸೆ ಗಡಿಯಾರದ ಮುಳ್ಳಿಗೆ ಹುಚ್ಚು ಹಿಡಿದಂತೆ ಸುತ್ತಲಾರಂಭಿಸುತ್ತದೆ. ಸತ್ತ ಜೀವಕೋಶಗಳ ಗೋಡೆ ನೀರು ಹೀರಿ ಹಿಗ್ಗುವುದಷ್ಟೇ ಇಲ್ಲಿನ ಯಂತ್ರ. ಇರುಳಿನ ಇಬ್ಬನಿಗೆ ಬಿಚ್ಚಿ, ಹಗಲಿನ ಬಿಸಿಲಿಗೆ ಮತ್ತೆ ಹುರಿಗೊಂಡು, ಹಿಮ್ಮುಖ ರೋಮಗಳಿಂದಾಗಿ ಹಿಂದೆ ಜಾರದೆ, ಬೀಜ ತನ್ನನ್ನು ತಾನೇ ಮಣ್ಣಿಗೆ ಕೊರೆದುಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್ 1876ರಲ್ಲಿ ಇಂಥ ಶೂಕಗಳ ಮೇಲೆಯೇ ಒಂದು ಪ್ರಬಂಧ ಪ್ರಕಟಿಸಿದ. ಇದೇ ಮೊನೆ ಕುರಿಯ ತುಪ್ಪಟದೊಳಗೂ ಹೊಕ್ಕು ಚರ್ಮವನ್ನು ಚುಚ್ಚುವುದರಿಂದ ಕುರಿಗಾಹಿಗೆ ಈ ಹುಲ್ಲಿನ ಮೇಲೆ ಬೇರೆಯೇ ಅಭಿಪ್ರಾಯವಿದ್ದೀತು. ಬೀಜವನ್ನು ಮಗುವಿನ ಅಂಗೈಗೆ ದೊಡ್ಡವರೇ ಇಡಬೇಕು, ಕಣ್ಣಿನ ಹತ್ತಿರ ಒಯ್ಯಗೊಡಬಾರದು.

ಇಂಥ ಬೀಜವನ್ನು ಗೋಂದು ಹಚ್ಚಿ ರಟ್ಟಿಗೆ ಅಂಟಿಸಿ, ಕೆಳಗೆ ಲ್ಯಾಟಿನ್ ಹೆಸರು ಬರೆಸಿ, ಗೋಡೆಗೆ ತೂಗುಹಾಕುವ ಮಾರ್ಗದರ್ಶಕರಿದ್ದಾರೆ. ಸುತ್ತುವ ವಸ್ತುವನ್ನು ಸುತ್ತದಂತೆ ಮಾಡಿ ಅದರ ಹೆಸರನ್ನು ಕಲಿಸುವುದು ಎಂಥ ಶಿಕ್ಷಣ? ಬೀಜ ಅಂಟಿದ ಕಾಲುಚೀಲವನ್ನೇ ಮಣ್ಣಿನ ತಟ್ಟೆಯಲ್ಲಿ ಮಲಗಿಸಿ ನೀರುಣಿಸುವವರು ಇವರಿಗಿಂತ ಎಷ್ಟೋ ಮೇಲು. ಅವರೂ ವಾರದೊಳಗೆ ಫಲ ಬೇಕೆಂದು ಅವಸರಪಡಬಾರದು, ಏಕೆಂದರೆ ಹೊಸ ಈಟಿಹುಲ್ಲಿನ ಬೀಜಕ್ಕೆ ಸುಪ್ತಾವಸ್ಥೆಯಿದ್ದು, ಅನುಕೂಲ ದೊರೆತರೂ ಮೊಳೆಯದೆ ಅದು ತಿಂಗಳುಗಟ್ಟಲೆ ಕಾಯುತ್ತದೆ.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ದಿನದ ಕೊನೆಯ ಕಾರ್ಯಕ್ರಮ: ಅದೇ ಹುಲ್ಲಿನ ನಡುವೆ ಗುಂಡಿ ತೋಡಿ, ಮಕ್ಕಳಿಂದ ಸಸಿ ನೆಡಿಸಿ, ಫೋಟೊ ತೆಗೆಸಿಕೊಳ್ಳುವುದು. ಹುಲ್ಲುಗಾವಲೆಂದರೆ ಕಾಡಾಗಲು ಸೋತ ನೆಲವೆಂಬ ಕಲ್ಪನೆ ಕಡತಗಳಲ್ಲಿ ಪಾಳುಭೂಮಿ ಎಂಬ ಹೆಸರು ಹೊತ್ತು ಬಹುಕಾಲದಿಂದ ನಡೆದು ಬಂದಿದೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟ ಕಾವಲುಗಳು ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ತುಮಕೂರು ಸೀಮೆಗಳಲ್ಲಿ ಹರಡಿದ್ದವು. ಅವುಗಳಲ್ಲಿ ಎಷ್ಟೋ ಭಾಗ ಇಂದು ಹುಲ್ಲಾಗಿ ಉಳಿದಿಲ್ಲ. ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿಗೆ ಬೇಕಾದದ್ದು ಬಯಲೇ ಹೊರತು ನೆರಳಲ್ಲ, ಚಳಿಗಾಲಕ್ಕೆ ದೂರದಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿಗಳು ರಾತ್ರಿ ತಂಗುವುದು ಕೊಂಬೆಯ ಮೇಲಲ್ಲ, ಹುಲ್ಲಿನ ನಡುವಿನ ನೆಲದ ಮೇಲೆ. ಬೆಳಗಿನಿಂದ ಹುಲ್ಲನ್ನು ತೋರಿಸಿ, ಸಂಜೆ ಅದನ್ನು ಗುದ್ದಲಿಯಿಂದ ಕಿತ್ತರೆ ಎಳೆಯ ಬುದ್ಧಿಗೆ ಉಳಿಯುವ ಪಾಠ ಯಾವುದೆಂದು ಆ ಕಾರ್ಯಕ್ರಮದವರೇ ಹೇಳಬೇಕು. ಸಸಿಗೆ ಶಾಲೆಯ ಅಂಗಳವಿದೆ, ರಸ್ತೆಯ ಬದಿಯಿದೆ. ಗುದ್ದಲಿಗೆಂದು ಮೀಸಲಿಡುವ ಆ ಒಂದು ಗಂಟೆಯಾದರೋ ಎಳೆಯ ಬೆರಳುಗಳಿಂದ ಒಂದು ಜೊತೆ ಕಾಲುಚೀಲದ ಉತ್ತರಾಣಿ ಬಿಡಿಸುವುದಕ್ಕೇ ಸಾಲದು.